ರಿಸೀವರ್ ಕೊಟ್ಟು ಡಿಫೆನ್ಸ್ ಕೊಂಡವರು

2024ರ ಜನವರಿ 13ರ ರಾತ್ರಿ ಕಾನ್ಸಾಸ್ ಸಿಟಿಯ ಆರೋಹೆಡ್ ಸ್ಟೇಡಿಯಂನಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಆ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಚೀಫ್ಸ್‌ನ ಕೋಚ್ ಆಂಡಿ ರೀಡ್ ಅವರ ಮೀಸೆಯ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಪ್ಯಾಟ್ರಿಕ್ ಮಹೋಮ್ಸ್ ಅವರ ಹೆಲ್ಮೆಟ್‌ನಿಂದ ಒಂದು ಚೂರೇ ಒಡೆದು ಹಾರಿಹೋಯಿತು. ಎದುರಾಳಿ ಮಯಾಮಿ ಡಾಲ್ಫಿನ್ಸ್. ಆ ತಂಡದ ಸ್ಟಾರ್ ರಿಸೀವರ್ (ಎಸೆದ ಚೆಂಡು ಹಿಡಿದು ಓಡುವವರು) ಟೈರೀಕ್ ಹಿಲ್. ಎರಡು ವರ್ಷದ ಹಿಂದಿನವರೆಗೂ ಇದೇ ಮೈದಾನ ಅವರ ಮನೆ.

ಹಿಲ್ ಅವತ್ತು 53 ಗಜದ ಒಂದು ಟಚ್‌ಡೌನ್ ಹೊಡೆದರು, ಅಂದರೆ ಚೆಂಡನ್ನು ಮೈದಾನದ ತುದಿಯ ಎಂಡ್‌ಝೋನ್‌ಗೆ ಮುಟ್ಟಿಸಿದರು. ಮಯಾಮಿಗೆ ಇಡೀ ಪಂದ್ಯದಲ್ಲಿ ಸಿಕ್ಕಿದ್ದು ಅಷ್ಟೇ. ಚೀಫ್ಸ್ 26-7ರಲ್ಲಿ ಗೆದ್ದರು. ಅಲ್ಲಿಂದ ಒಂದು ತಿಂಗಳೊಳಗೆ ಇನ್ನೊಂದು ಸೂಪರ್ ಬೌಲ್ (ಲೀಗ್‌ನ ಫೈನಲ್) ಕೂಡ ಗೆದ್ದರು.

ಆಗ ಎಲ್ಲರೂ ತಂಡ ಕಟ್ಟುವ ಹೊಣೆ ಹೊತ್ತ ಚೀಫ್ಸ್ ಜನರಲ್ ಮ್ಯಾನೇಜರ್ ಬ್ರೆಟ್ ವೀಚ್ ಅವರನ್ನು ಹೊಗಳಿದ್ದೇ ಹೊಗಳಿದ್ದು. ಈಗ ಗಾಳಿ ತಿರುಗಿದೆ. 2025ರ ಸೀಸನ್‌ನಲ್ಲಿ ಚೀಫ್ಸ್ 6 ಗೆದ್ದು 11 ಸೋತರು. ಸತತ 10 ವರ್ಷ ಪ್ಲೇಆಫ್ ಆಡಿದ ತಂಡ ಮನೆಯಲ್ಲಿ ಕೂತಿತು. ಡಿಸೆಂಬರ್ 14ರಂದು ಲಾಸ್ ಏಂಜಲೀಸ್ ಚಾರ್ಜರ್ಸ್ ವಿರುದ್ಧ ಸೋತು ಪ್ಲೇಆಫ್ ಬಾಗಿಲು ಮುಚ್ಚಿತು. ಅದೇ ಪಂದ್ಯದಲ್ಲಿ ಮಹೋಮ್ಸ್ ಮೊಣಕಾಲಿನ ಲಿಗಮೆಂಟ್ ಹರಿಯಿತು. ಹಾಗಾಗಿ ಹಳೇ ದೂರು ಮತ್ತೆ ಎದ್ದಿದೆ: 'ಹಿಲ್‌ನ ಕಳಿಸಿದ್ದೇ ತಪ್ಪು. ಆಮೇಲೆ ಒಬ್ಬ ನೆಟ್ಟಗಿನ ರಿಸೀವರ್‌ನ ತರೋಕೆ ಆಗ್ಲಿಲ್ಲ ಇವರಿಗೆ.'

ಈ ದೂರಿನ ಎರಡನೇ ಅರ್ಧವನ್ನು ನಾನು ಹೆಚ್ಚುಕಮ್ಮಿ ಒಪ್ಪುತ್ತೇನೆ. ಮೊದಲ ಅರ್ಧವನ್ನು ಒಪ್ಪಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೇ ಈ ಚರ್ಚೆ ದಾರಿ ತಪ್ಪುತ್ತಿದೆ.

ಮೊದಲು ದುಡ್ಡಿನ ವಿಷಯ. ಅಮೆರಿಕನ್ ಫುಟ್‌ಬಾಲ್ ನೋಡದವರಿಗೂ ಐಪಿಎಲ್ ಹರಾಜು ಗೊತ್ತಿರುತ್ತದೆ. ಎಲ್ಲ ತಂಡಕ್ಕೂ ಒಂದೇ ಅಳತೆಯ ಪರ್ಸ್, ಅದರೊಳಗೇ ತಂಡ ಕಟ್ಟಬೇಕು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಇದಕ್ಕೆ ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. 2022ರಲ್ಲಿ ಅದು ಒಂದು ತಂಡಕ್ಕೆ 208.2 ಮಿಲಿಯನ್ ಡಾಲರ್ ಇತ್ತು. ಕೇಳೋಕೆ ದೊಡ್ಡ ಮೊತ್ತ. ಆದರೆ ಮುಖ್ಯ ತಂಡದಲ್ಲೇ 53 ಜನ ಇರುತ್ತಾರೆ. ಮಹೋಮ್ಸ್ ಒಬ್ಬರ ಒಪ್ಪಂದವೇ 10 ವರ್ಷಕ್ಕೆ 450 ಮಿಲಿಯನ್, ಅಂದರೆ ವರ್ಷಕ್ಕೆ ಸರಾಸರಿ 45 ಮಿಲಿಯನ್. ಲೆಕ್ಕದ ಚಾಣಾಕ್ಷತನದಿಂದ ಹಣವನ್ನು ಮುಂದಿನ ವರ್ಷಗಳಿಗೆ ತಳ್ಳಬಹುದು, ಎಲ್ಲ ತಂಡಗಳೂ ತಳ್ಳುತ್ತವೆ. ಆದರೂ ಒಂದು ದಿನ ಕಟ್ಟಲೇಬೇಕು.

ಐಪಿಎಲ್‌ಗಿಂತ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ಹರಾಜಿನಲ್ಲಿ ಕೊಳ್ಳುವಂತಿಲ್ಲ, ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಆರಿಸಬೇಕು. ಆ ಒಂದೊಂದು ಸರದಿಗೂ ಪಿಕ್ ಎನ್ನುತ್ತಾರೆ. ಕಳೆದ ಸಲ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಆರಿಸಿದ ಹುಡುಗನ ಸಂಬಳ ಅವನ ಸರದಿಯ ನಂಬರ್‌ಗೆ ತಕ್ಕಂತೆ ಹೆಚ್ಚುಕಮ್ಮಿ ನಿಗದಿಯಾಗಿರುತ್ತದೆ, ಅದೂ ನಾಲ್ಕು ವರ್ಷಕ್ಕೆ. ಹುಡುಗ ಎರಡನೇ ವರ್ಷಕ್ಕೇ ಲೀಗ್‌ನ ಅತ್ಯುತ್ತಮ ಆಟಗಾರ ಆದರೂ ಅದೇ ಸಂಬಳ. ಹಾಗಾಗಿ ಎನ್‌ಎಫ್‌ಎಲ್‌ನಲ್ಲಿ ಎಲ್ಲಕ್ಕಿಂತ ಅಗ್ಗದ ಸರಕು ಎಂದರೆ ಚೆನ್ನಾಗಿ ಆಡುವ ಎಳೆಯ ಆಟಗಾರ. ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟೊಂದು ಸುರಿದಿರುವ ತಂಡಕ್ಕೆ ಅಂಥವರು ಒಂದಿಬ್ಬರು ಸಿಕ್ಕರೆ ಸಾಲದು, ಐದಾರು ಜನ ಬೇಕು.

ಈಗ 2022ರ ಮಾರ್ಚ್‌ಗೆ ಬನ್ನಿ. ಹಿಲ್ ಜೊತೆ ಚೀಫ್ಸ್ ಹೊಸ ಒಪ್ಪಂದ ಮಾಡಿಕೊಳ್ಳುವ ಮಾತುಕತೆ ನಡೆದಿತ್ತು. ಅಷ್ಟರಲ್ಲಿ ಗ್ರೀನ್ ಬೇ ತಂಡದ ದಾವಂತೆ ಆಡಮ್ಸ್ ಲಾಸ್ ವೇಗಸ್ ರೈಡರ್ಸ್‌ಗೆ ಹೋದರು. ಅವರಿಗೆ ಸಿಕ್ಕ ಒಪ್ಪಂದ 5 ವರ್ಷಕ್ಕೆ 140 ಮಿಲಿಯನ್. ರಿಸೀವರ್‌ಗಳ ಬೆಲೆ ಒಂದೇ ವಾರದಲ್ಲಿ ಗಗನಕ್ಕೇರಿತು. ನೆರೆಮನೆಯ ಸೈಟು ಯಾವ ರೇಟಿಗೆ ಹೋಯಿತು ಎಂದು ಗೊತ್ತಾದ ಮೇಲೆ ನಮ್ಮ ಸೈಟಿನ ರೇಟು ಇಳಿಸುತ್ತೇವಾ? ಹಿಲ್ ಕೂಡ ಇಳಿಸಲಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಮಾರ್ಚ್ 23ರಂದು ಟ್ರೇಡ್ (ತಂಡಗಳ ನಡುವಿನ ಅದಲುಬದಲು) ಆಗಿಹೋಯಿತು. ಮಯಾಮಿ ಅವರಿಗೆ 4 ವರ್ಷಕ್ಕೆ 120 ಮಿಲಿಯನ್ ಕೊಟ್ಟಿತು. ಚೀಫ್ಸ್‌ಗೆ ಬಂದದ್ದು ಐದು ಪಿಕ್: 2022ರ 29, 50 ಮತ್ತು 121ನೇ ಪಿಕ್, ಜೊತೆಗೆ 2023ರ ಎರಡು ಸಣ್ಣ ಪಿಕ್.

ಹಿಲ್‌ಗೆ ಆಗ 28 ವರ್ಷ. ಅವರ ಬಂಡವಾಳ ಓಟ. ಲೀಗ್‌ನಲ್ಲಿ ಅವರ ಅಡ್ಡಹೆಸರೇ ಚೀತಾ. ಆ ಓಟ ಇನ್ನೂ ಎಷ್ಟು ವರ್ಷ ಇರುತ್ತೆ ಅನ್ನೋದು ಒಂದು ಪ್ರಶ್ನೆ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ 2021ರಲ್ಲೇ ಕಣ್ಣಿಗೆ ಬಿದ್ದಿತ್ತು, ಅದನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ.

2020ರಲ್ಲಿ ಹಿಲ್ 87 ಕ್ಯಾಚ್‌ಗೆ 1,276 ಗಜ ಗಳಿಸಿದ್ದರು. 2021ರಲ್ಲಿ 111 ಕ್ಯಾಚ್, ಆದರೆ 1,239 ಗಜ. ಕ್ಯಾಚ್ 24 ಜಾಸ್ತಿ, ಗಜ ಮಾತ್ರ ಕಮ್ಮಿ. ಪ್ರತಿ ಕ್ಯಾಚಿನ ಸರಾಸರಿ 14.7ರಿಂದ 11.2ಕ್ಕೆ ಬಿತ್ತು. ಹಿಲ್ ನಿಧಾನ ಆಗಿದ್ದರಾ? ಇಲ್ಲ. ಎದುರಾಳಿಗಳು ಪಾಠ ಕಲಿತಿದ್ದರು. ಡಿಫೆನ್ಸ್‌ನ ಕೊನೇ ಕಾವಲುಗಾರರಾದ ಇಬ್ಬರು ಸೇಫ್ಟಿಗಳನ್ನು ತುಂಬಾ ಹಿಂದೆ ನಿಲ್ಲಿಸಿ, ಉದ್ದದ ಎಸೆತ ಬಿಟ್ಟು ಬೇರೆ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಬಿಟ್ಟುಕೊಟ್ಟರು. ಹಿಲ್ ಇದ್ದ ಕಾರಣಕ್ಕೇ ಜಾಗ ಮುಚ್ಚಿಹೋಗಿತ್ತು. ಬೇಲಿ ಹಾರುವ ಕುದುರೆ ಇದೆ ಎಂದು ಗೊತ್ತಾದ ಮೇಲೆ ಊರವರು ಬೇಲಿ ಎತ್ತರಿಸಿದ ಹಾಗೆ.

ಆ ಸೀಸನ್ ಮುಗಿದ ರೀತಿಯೂ ಹಾಗೇ. 2022ರ ಜನವರಿ 30ರಂದು ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ ಸೂಪರ್ ಬೌಲ್‌ಗೆ ಮುಂಚಿನ ಪಂದ್ಯ. ಚೀಫ್ಸ್ 21-3ರಲ್ಲಿ ಮುಂದಿದ್ದರು. ಮೊದಲ ಅರ್ಧದ ಕೊನೇ ಚಾನ್ಸ್‌ನಲ್ಲಿ, ಎಂಡ್‌ಝೋನ್ ಬಾಯಲ್ಲೇ ಹಿಲ್‌ಗೆ ಚೆಂಡು ಕೊಟ್ಟರು. ಅವರನ್ನು ಒಳಗೆ ಹೋಗಲು ಬಿಡದೆ ಕೆಡವಿದರು, ಸಮಯ ಮುಗಿಯಿತು, ಒಂದು ಪಾಯಿಂಟೂ ಬರಲಿಲ್ಲ. ಎರಡನೇ ಅರ್ಧದಲ್ಲಿ ಬಂದದ್ದು ಬರೀ 3 ಪಾಯಿಂಟ್. ಓವರ್‌ಟೈಮ್‌ನಲ್ಲಿ 27-24ರಿಂದ ಸೋತರು. ಹಿಲ್ ಇದ್ದಾಗಲೇ ಆದ ಸೋಲು ಇದು. ಡಿಫೆನ್ಸ್‌ಗೆ ಮುನ್ನಡೆ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ.

ಹಾಗಾದರೆ ಹಿಲ್ ಕೊಟ್ಟು ತಂದದ್ದೇನು?

29 ಮತ್ತು 121ನೇ ಪಿಕ್‌ಗಳನ್ನು ತಮ್ಮದೇ 94ನೇ ಪಿಕ್ ಜೊತೆ ಸೇರಿಸಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಕೊಟ್ಟರು. 21ನೇ ಸ್ಥಾನಕ್ಕೆ ಏರಿ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ಗಳನ್ನು ಕಾಯುವವರು) ಟ್ರೆಂಟ್ ಮೆಕ್‌ಡಫಿ ಅವರನ್ನು ಆರಿಸಿದರು. ಅವರ ಸಂಬಳ ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 14 ಮಿಲಿಯನ್. ಹಿಲ್‌ಗೆ ಮಯಾಮಿ ಕೊಡಲು ಒಪ್ಪಿದ್ದು ಒಂದು ವರ್ಷಕ್ಕೆ ಸರಾಸರಿ 30 ಮಿಲಿಯನ್. ಮೆಕ್‌ಡಫಿ 2023ರಲ್ಲಿ ಫಸ್ಟ್ ಟೀಮ್ ಆಲ್-ಪ್ರೋ ಆದರು, ಅಂದರೆ ಆ ವರ್ಷದ ಲೀಗ್‌ನ ಅತ್ಯುತ್ತಮರ ಪಟ್ಟಿಯಲ್ಲಿ ಅವರ ಹೆಸರಿತ್ತು.

ಅದೇ ಡ್ರಾಫ್ಟ್‌ನಲ್ಲಿ 30ನೇ ಪಿಕ್‌ಗೆ ಡಿಫೆನ್ಸಿವ್ ಎಂಡ್ ಜಾರ್ಜ್ ಕಾರ್ಲಾಫ್ಟಿಸ್, 62ಕ್ಕೆ ಸೇಫ್ಟಿ ಬ್ರಯಾನ್ ಕುಕ್, 103ಕ್ಕೆ ಲೈನ್‌ಬ್ಯಾಕರ್ ಲಿಯೋ ಶನಾಲ್, 135ಕ್ಕೆ ಜೋಶುವಾ ವಿಲಿಯಮ್ಸ್, 243ಕ್ಕೆ ಜೇಲೆನ್ ವಾಟ್ಸನ್, 251ಕ್ಕೆ ರನ್ನಿಂಗ್ ಬ್ಯಾಕ್ ಇಸಾಯ ಪಚೆಕೋ. ಇವರೆಲ್ಲ ಹಿಲ್ ಟ್ರೇಡ್‌ನಿಂದಲೇ ಬಂದವರಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಯೋಜನೆ ಒಂದೇ. ಒಬ್ಬನ ಮೇಲೆ ಸುರಿಯುವ ಬದಲು ಒಂದೇ ಡ್ರಾಫ್ಟ್‌ನಿಂದ ಅರ್ಧ ಡಿಫೆನ್ಸ್ ಕಟ್ಟುವುದು.

ಫಲ ತಕ್ಷಣ ಬಂತು, ಅದೂ ಯಾರೂ ನಿರೀಕ್ಷಿಸದ ಕಡೆಯಿಂದ. 2021ರಲ್ಲಿ ಹಿಲ್ ಇದ್ದಾಗ ಚೀಫ್ಸ್ 17 ಪಂದ್ಯದಲ್ಲಿ 480 ಪಾಯಿಂಟ್ ಗಳಿಸಿದ್ದರು. 2022ರಲ್ಲಿ ಹಿಲ್ ಇಲ್ಲದೆ 496. ಲೀಗ್‌ನಲ್ಲೇ ಮೊದಲ ಸ್ಥಾನ. ಮಹೋಮ್ಸ್ 5,250 ಗಜ, 41 ಟಚ್‌ಡೌನ್, ಎಂವಿಪಿ. ರಿಸೀವರ್‌ಗಳಲ್ಲಿ ಮೊದಲ ಸ್ಥಾನದಲ್ಲಿದ್ದವರು ಜೂಜು ಸ್ಮಿತ್-ಶೂಸ್ಟರ್, 933 ಗಜ. ಒಂದೇ ವರ್ಷದ ಅಗ್ಗದ ಒಪ್ಪಂದದ ಮೇಲೆ ಬಂದವರು. ಮಿಕ್ಕ ಭಾರ ಟೈಟ್ ಎಂಡ್ ಎಂಬ ಬೇರೆ ಸ್ಥಾನದಲ್ಲಿ ಆಡುವ ಟ್ರಾವಿಸ್ ಕೆಲ್ಸಿ ಹೊತ್ತರು, 1,338 ಗಜ.

ಆ ಸೀಸನ್ ಕೊನೆಯ ಸೂಪರ್ ಬೌಲ್ 2023ರ ಫೆಬ್ರವರಿಯಲ್ಲಿ. ನಮ್ಮಲ್ಲಿ ಅದು ಸೋಮವಾರ ಬೆಳಗಿನ ಐದು ಗಂಟೆ. ಫಿಲಡೆಲ್ಫಿಯಾ ಈಗಲ್ಸ್ ಎದುರು 38-35ರ ಗೆಲುವು. ನಾಲ್ಕನೇ ಕ್ವಾರ್ಟರ್‌ನ ಎರಡು ಟಚ್‌ಡೌನ್‌ಗಳನ್ನು ನೆನಪಿಸಿಕೊಳ್ಳಿ. ಒಂದು ಕಡೇರಿಯಸ್ ಟೋನಿ, ಇನ್ನೊಂದು ಸ್ಕೈ ಮೂರ್. ಎರಡೂ ಸಲ ಹತ್ತಿರದಲ್ಲಿ ಒಬ್ಬ ಎದುರಾಳಿಯೂ ಇಲ್ಲ. ರಿಸೀವರ್ ಒಳಕ್ಕೆ ಓಡಿಬಂದ ಹಾಗೆ ಮಾಡಿ, ತಟ್ಟನೆ ಬಂದ ದಾರಿಗೇ ತಿರುಗಿ ಹೊರಗೆ ಹೋದರು. ಡಿಫೆನ್ಸ್ ನಂಬಿ ಕೆಟ್ಟಿತು. ಇದು ರೀಡ್ ಅವರ ಕೈಚಳಕ, ಆಟಗಾರ ಯಾರಿದ್ದರೂ ನಡೆಯುತ್ತಿತ್ತು. ಎರಡರ ನಡುವೆ ಟೋನಿ ಹೊಡೆದ 65 ಗಜದ ಪಂಟ್ ರಿಟರ್ನ್ (ಎದುರಾಳಿ ಒದ್ದ ಚೆಂಡು ಹಿಡಿದು ಮರಳಿ ಓಡುವುದು) ಮಾತ್ರ ಅವರದೇ ಸಾಹಸ. ಸೂಪರ್ ಬೌಲ್ ಇತಿಹಾಸದಲ್ಲೇ ಅತಿ ಉದ್ದದ್ದು.

ಇಲ್ಲಿಗೇ ನಿಲ್ಲಿಸಿದರೆ ವೀಚ್ ದೇವರು. ಆದರೆ ಟೋನಿ, ಮೂರ್ ಕತೆ ಅಲ್ಲಿಗೆ ಮುಗಿಯಲಿಲ್ಲ.

2023ರ ಸೀಸನ್‌ನ ಮೊದಲ ಪಂದ್ಯದಲ್ಲೇ ಟೋನಿ ಕೈಯಿಂದ ಜಾರಿದ ಚೆಂಡು ಎದುರಾಳಿ ಕೈಗೆ ಸಿಕ್ಕಿ, ನೇರ ಟಚ್‌ಡೌನ್ ಆಯಿತು. ಡೆಟ್ರಾಯಿಟ್ 21-20ರಲ್ಲಿ ಗೆದ್ದಿತು. ಡಿಸೆಂಬರ್‌ನಲ್ಲಿ ಬಫಲೊ ವಿರುದ್ಧ ಕೆಲ್ಸಿ ಚೆಂಡು ಹಿಡಿದು, ಹಿಂದಕ್ಕೆ ಟೋನಿಗೆ ಎಸೆದು, ಟೋನಿ ಟಚ್‌ಡೌನ್ ಹೊಡೆದಿದ್ದರು. ಎಂಥ ಆಟ! ಆದರೆ ಆಟ ಶುರುವಾಗುವ ಮೊದಲೇ ಟೋನಿ ಗೆರೆ ದಾಟಿ ನಿಂತಿದ್ದರು. ಟಚ್‌ಡೌನ್ ರದ್ದು, ಪಂದ್ಯ 20-17ರಲ್ಲಿ ಬಫಲೊ ಪಾಲು. ಅದಕ್ಕೂ ಮುಂಚೆ ಈಗಲ್ಸ್ ವಿರುದ್ಧ ಮಾರ್ಕೆಸ್ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಗೆಲುವಿನ ಟಚ್‌ಡೌನನ್ನೇ ಕೈಯಿಂದ ಜಾರಿಸಿದ್ದರು. ಸೀಸನ್‌ಗೆ ಒಟ್ಟು 371 ಪಾಯಿಂಟ್. ಹಿಂದಿನ ವರ್ಷಕ್ಕಿಂತ 125 ಕಮ್ಮಿ.

ಸ್ಕೈ ಮೂರ್ ಕತೆ ಇನ್ನೂ ಬೇಜಾರಿನದು. ಅವರು ಬಂದದ್ದು ಹಿಲ್ ಟ್ರೇಡ್‌ನ 50ನೇ ಪಿಕ್‌ನಿಂದಲೇ. ಚೀಫ್ಸ್ ಆ ಪಿಕ್‌ನಲ್ಲಿ ನೇರ ಆರಿಸಲಿಲ್ಲ. ಪೇಟ್ರಿಯಟ್ಸ್ ಜೊತೆ ಅದಲುಬದಲು ಮಾಡಿ 54 ಮತ್ತು 158 ತಗೊಂಡರು. ನಾಲ್ಕೇ ಸ್ಥಾನ ಕೆಳಗಿಳಿದದ್ದು, ಏನು ಮಹಾ ಅನಿಸಬಹುದು. ಆ ಮಧ್ಯೆ 52ರಲ್ಲಿ ಜಾರ್ಜ್ ಪಿಕೆನ್ಸ್, 53ರಲ್ಲಿ ಅಲೆಕ್ ಪಿಯರ್ಸ್ ಹೋದರು. ಇಬ್ಬರೂ ರಿಸೀವರ್‌ಗಳು, ಇಬ್ಬರೂ ಲೀಗ್‌ನಲ್ಲಿ ನೆಲೆ ನಿಂತರು. 54ರಲ್ಲಿ ಚೀಫ್ಸ್‌ಗೆ ಸಿಕ್ಕ ಮೂರ್ ಮೊದಲ ವರ್ಷ 250 ಗಜ, ಎರಡನೇ ವರ್ಷ 244 ಗಜ, ಮೂರನೇ ವರ್ಷ ಒಂದು ಕ್ಯಾಚೂ ಇಲ್ಲ. 2025ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿದರು. ಇದೇ ಜನ 2019ರಲ್ಲಿ 56ನೇ ಪಿಕ್‌ಗೆ ಮೆಕೋಲ್ ಹಾರ್ಡ್‌ಮನ್ ಅವರನ್ನು ಆರಿಸಿದಾಗ, ಡಿ.ಕೆ. ಮೆಟ್ಕಾಫ್ ಇನ್ನೂ ಸಿಗುತ್ತಿದ್ದರು. ಅವರು 64ಕ್ಕೆ ಸಿಯಾಟಲ್ ಪಾಲಾದರು.

ಅಂದರೆ, ರಿಸೀವರ್ ಆರಿಸುವ ಕಣ್ಣು ಈ ಫ್ರಂಟ್ ಆಫೀಸ್‌ಗೆ (ವೀಚ್ ಅವರ ಆಡಳಿತ ಬಳಗಕ್ಕೆ) ಅಷ್ಟಕ್ಕಷ್ಟೆ. ಇದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನನ್ನ ಮಾತು ಇಲ್ಲೇ ಇದೆ: ಹಿಲ್‌ನ ಕೊಡಬೇಕಾ ಬೇಡವಾ ಅನ್ನೋದು ಒಂದು ನಿರ್ಧಾರ. ಬಂದ ಪಿಕ್‌ನಲ್ಲಿ ಯಾರನ್ನು ಆರಿಸಬೇಕು ಅನ್ನೋದು ಇನ್ನೊಂದು. ಮೂರ್ ಬದಲು ಪಿಕೆನ್ಸ್ ಬಂದಿದ್ದರೆ ಹಿಲ್ ಟ್ರೇಡನ್ನು ಇವತ್ತು ಯಾರೂ ಬೈಯುತ್ತಿರಲಿಲ್ಲ. ಹಾಗಾದರೆ ಬೈಗುಳ ಸೇರಬೇಕಾದ್ದು ಎಲ್ಲಿಗೆ? 2022ರ ಏಪ್ರಿಲ್‌ನ ಆ ನಾಲ್ಕು ಸ್ಥಾನಕ್ಕೆ. ಮಾರ್ಚ್‌ಗಲ್ಲ.

ಇನ್ನೊಂದು ವಿಷಯ. ಅಷ್ಟು ಕೆಟ್ಟ ರಿಸೀವರ್‌ಗಳಿದ್ದ 2023ರಲ್ಲೇ ಚೀಫ್ಸ್ ಚಾಂಪಿಯನ್ ಆದರು! ಹೇಗೆ? ಆ ಸೀಸನ್‌ನಲ್ಲಿ ಅವರು ಎದುರಾಳಿಗೆ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಸರಾಸರಿ 17.3 ಪಾಯಿಂಟ್. ಇಡೀ ಲೀಗ್‌ನಲ್ಲಿ ಎರಡನೇ ಸ್ಥಾನ. ಮಹೋಮ್ಸ್ ಬಂದಾಗಿನಿಂದ ಅಂಥ ಡಿಫೆನ್ಸ್ ಆ ಊರಲ್ಲಿ ಇರಲಿಲ್ಲ.

2024ರ ಫೆಬ್ರವರಿಯ ಸೂಪರ್ ಬೌಲ್‌ನ ಒಂದು ಗಳಿಗೆ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ಜೊತೆ 16-16 ಸಮ. ಎರಡು ನಿಮಿಷ ಉಳಿದಿದೆ. ಚೆಂಡು ಎದುರಾಳಿ ಕೈಲಿ, ಚೀಫ್ಸ್‌ನ 35 ಗಜದ ಗೆರೆ ಹತ್ತಿರ. ಮೂರನೇ ಡೌನ್ (ಮೂರನೇ ಯತ್ನ), ಐದು ಗಜ ಬೇಕು. ಸಿಕ್ಕರೆ ಗಡಿಯಾರ ಓಡಿಸಿ, ಕೊನೇ ಸೆಕೆಂಡಿನಲ್ಲಿ ಒಂದು ಕಿಕ್ ಹೊಡೆದು ಪಂದ್ಯ ಮುಗಿಸಬಹುದು. ಡಿಫೆನ್ಸ್ ಕೋಚ್ ಸ್ಟೀವ್ ಸ್ಪಾನ್ಯುವೋಲೊ ಕಾರ್ನರ್‌ಬ್ಯಾಕ್‌ನನ್ನೇ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಿದರು. ಯಾರೂ ತಡೆಯಲಿಲ್ಲ. ಬ್ರಾಕ್ ಪರ್ಡಿ ಎಸೆದ ಚೆಂಡಿಗೆ ಆತ ಕೈ ಹಾಕಿ ಕೆಡವಿದರು. ಸ್ಯಾನ್ ಫ್ರಾನ್ಸಿಸ್ಕೊ ಮೂರೇ ಪಾಯಿಂಟ್‌ಗೆ ತೃಪ್ತಿ ಪಡಬೇಕಾಯಿತು. ಮಹೋಮ್ಸ್‌ಗೆ ಸುಮಾರು ಎರಡು ನಿಮಿಷ ಸಿಕ್ಕಿತು, ಪಂದ್ಯ ಸಮ ಆಯಿತು, ಓವರ್‌ಟೈಮ್‌ನಲ್ಲಿ 25-22ರಿಂದ ಗೆದ್ದರು. ಆ ಕೈ ಹಾಕಿದವರು ಟ್ರೆಂಟ್ ಮೆಕ್‌ಡಫಿ. ಹಿಲ್ ಕೊಟ್ಟು ತಂದವರು.

ಹಿಲ್ ಅದೇ ಸೀಸನ್‌ನಲ್ಲಿ ಮಯಾಮಿಗಾಗಿ 119 ಕ್ಯಾಚ್, 1,799 ಗಜ, 13 ಟಚ್‌ಡೌನ್ ಗಳಿಸಿ, ಗಜದಲ್ಲಿ ಲೀಗ್‌ಗೇ ಮೊದಲಿಗರಾಗಿದ್ದರು. ಅದಕ್ಕೂ ಹಿಂದಿನ ವರ್ಷ 1,710 ಗಜ. ಅವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಆದರೂ ಮಯಾಮಿ 2000ನೇ ಇಸವಿಯ ಡಿಸೆಂಬರ್ ನಂತರ ಒಂದೇ ಒಂದು ಪ್ಲೇಆಫ್ ಪಂದ್ಯ ಗೆದ್ದಿಲ್ಲ. ಹಿಲ್ ಇದ್ದಾಗ ಎರಡು ಸಲ ಪ್ಲೇಆಫ್‌ಗೆ ಹೋಗಿ ಎರಡು ಸಲವೂ ಮೊದಲ ಪಂದ್ಯದಲ್ಲೇ ಮನೆಗೆ ಬಂತು.

ಬೆಂಗಾಲ್ಸ್ ಕಡೆ ನೋಡಿದರೆ ಈ ಲೆಕ್ಕ ಇನ್ನೂ ಸಲೀಸಾಗಿ ಅರ್ಥವಾಗುತ್ತದೆ. 2024ರಲ್ಲಿ ಅವರ ಜಮಾರ್ ಚೇಸ್ ಕ್ಯಾಚ್, ಗಜ, ಟಚ್‌ಡೌನ್ ಮೂರರಲ್ಲೂ ಲೀಗ್‌ಗೆ ಮೊದಲು: 127, 1,708, 17. ಕ್ವಾರ್ಟರ್‌ಬ್ಯಾಕ್ ಜೋ ಬರೋ ಎಸೆದದ್ದು 43 ಟಚ್‌ಡೌನ್. ಇಷ್ಟಾದರೂ ತಂಡ ಗೆದ್ದದ್ದು 9, ಸೋತದ್ದು 8, ಪ್ಲೇಆಫ್ ಇಲ್ಲ. ಅವರ ಡಿಫೆನ್ಸ್ ಮೇಲೆ ಯಾರು ಬೇಕಾದರೂ ಪಾಯಿಂಟ್ ಗಳಿಸುತ್ತಿದ್ದರು. 2025ರ ಮಾರ್ಚ್‌ನಲ್ಲಿ ಆ ತಂಡ ಚೇಸ್‌ಗೆ 4 ವರ್ಷಕ್ಕೆ 161 ಮಿಲಿಯನ್, ಟೀ ಹಿಗಿನ್ಸ್‌ಗೆ 4 ವರ್ಷಕ್ಕೆ 115 ಮಿಲಿಯನ್ ಬರೆದುಕೊಟ್ಟಿತು. ಆ ವರ್ಷವೂ ಪ್ಲೇಆಫ್ ಇಲ್ಲ. ಬರೋ ಗಾಯವೂ ಅದಕ್ಕೆ ಕಾರಣ, ಸರಿ. ಆದರೆ ಬರೋ ಪೂರ್ತಿ ಗಟ್ಟಿಮುಟ್ಟಾಗಿದ್ದ 2024ರಲ್ಲೂ ಇದೇ ಕತೆ ತಾನೆ?

ಆರ್‌ಸಿಬಿ ಅಭಿಮಾನಿಗಳಿಗೆ ಈ ನೋವು ಹೊಸದೇನಲ್ಲ. ವರ್ಷಗಟ್ಟಲೆ ಮೇಲಿನ ಮೂವರು ಬ್ಯಾಟರ್‌ಗಳ ಮೇಲೆ ಪರ್ಸ್ ಸುರಿದು, ಕೊನೇ ಓವರ್ ಹಾಕೋಕೆ ಯಾರಿಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂತದ್ದು ನಾವೇ. 2025ರ ಹರಾಜಿಗೆ ಮುಂಚೆ ಮ್ಯಾಕ್ಸ್‌ವೆಲ್, ಡು ಪ್ಲೆಸಿ, ಸಿರಾಜ್ ಅವರನ್ನು ಬಿಟ್ಟಾಗ ಎಷ್ಟು ಕೂಗಾಟ! ನಮ್ಮ ಹುಡುಗ ರಾಹುಲ್ ಡೆಲ್ಲಿ ಪಾಲಾದಾಗ ಇನ್ನಷ್ಟು. ಅದೇ ಪರ್ಸ್‌ನಲ್ಲಿ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ಹೋಯಿತು. ಆ ಸಲ ಕಪ್ ಬಂತು.

ಎದುರು ವಾದವೂ ಇದೆ, ಅದನ್ನು ತಳ್ಳಿಹಾಕಬಾರದು. 2022ರ ಡ್ರಾಫ್ಟ್ ರಾತ್ರಿ ಈಗಲ್ಸ್ ಎರಡು ಪಿಕ್ ಕೊಟ್ಟು ಎ.ಜೆ. ಬ್ರೌನ್ ಅವರನ್ನು ತಂದು, 4 ವರ್ಷಕ್ಕೆ 100 ಮಿಲಿಯನ್ ಕೊಟ್ಟರು. ಚೀಫ್ಸ್ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಅದೇ ಈಗಲ್ಸ್ 2025ರ ಫೆಬ್ರವರಿಯಲ್ಲಿ ಚೀಫ್ಸ್ ಅವರನ್ನು 40-22ರಲ್ಲಿ ಚಚ್ಚಿಹಾಕಿದರು. ಹಾಗಾದರೆ ರಿಸೀವರ್ ಕೊಳ್ಳುವುದೇ ಸರಿ ಅಲ್ವಾ?

ಆ ಪಂದ್ಯ ಮತ್ತೊಮ್ಮೆ ನೋಡಿ. ಈಗಲ್ಸ್ ಗೆದ್ದದ್ದು ಬ್ರೌನ್ ಕ್ಯಾಚ್‌ಗಳಿಂದಲ್ಲ. ಅವರ ಡಿಫೆನ್ಸಿವ್ ಲೈನ್‌ನ ನಾಲ್ವರೇ ನುಗ್ಗಿ ಮಹೋಮ್ಸ್ ಅವರನ್ನು ಆರು ಸಲ ಕೆಡವಿದರು. ಮಿಕ್ಕವರೆಲ್ಲ ಹಿಂದೆ ನಿಂತು ಕಾದರು. ಮೊದಲ ಅರ್ಧದಲ್ಲೇ ಕೂಪರ್ ಡಿಜೀನ್ ಚೆಂಡು ಕಿತ್ತುಕೊಂಡು ಟಚ್‌ಡೌನ್ ಹೊಡೆದರು, ಅವತ್ತು ಆ ಹುಡುಗನ ಹುಟ್ಟುಹಬ್ಬ. ಡಿಜೀನ್ 40ನೇ ಪಿಕ್, ಜೊತೆಗಾರ ಕ್ವಿನ್ಯಾನ್ ಮಿಚೆಲ್ 22ನೇ ಪಿಕ್. ಇಬ್ಬರೂ 2024ರ ಡ್ರಾಫ್ಟ್‌ನಲ್ಲಿ ಬಂದವರು, ಇಬ್ಬರದೂ ಅಗ್ಗದ ಸಂಬಳ. ಈಗಲ್ಸ್ ರಿಸೀವರ್‌ಗೆ ಕೊಟ್ಟ ದುಡ್ಡನ್ನು ಡ್ರಾಫ್ಟ್‌ನಲ್ಲಿ ಉಳಿಸಿಕೊಂಡಿದ್ದರು. ಚೀಫ್ಸ್ ಕಡೆ ಆ ರಾತ್ರಿ ಚೆನ್ನಾಗಿ ಆಡಿದ ಕೆಲವೇ ಜನರಲ್ಲಿ ಒಬ್ಬರು ಯಾರು ಗೊತ್ತಾ? ಹೊಸ ರಿಸೀವರ್ ಝೇವಿಯರ್ ವರ್ದಿ. 8 ಕ್ಯಾಚ್, 157 ಗಜ, 2 ಟಚ್‌ಡೌನ್. ಪಂದ್ಯ ಕೈಬಿಟ್ಟ ಮೇಲೆ ಬಂದ ಗಜಗಳೇ ಜಾಸ್ತಿ ಅನ್ನಬಹುದು, ಸರಿ. ಆದರೆ ಆ ಸೋಲು ರಿಸೀವರ್‌ಗಳದ್ದು ಅನ್ನೋದಕ್ಕೆ ಆಗಲ್ಲ.

ವರ್ದಿ ಬಂದ ರೀತಿಯನ್ನೂ ಹೇಳಿಬಿಡುತ್ತೇನೆ. ಡ್ರಾಫ್ಟ್‌ಗೆ ಮುಂಚೆ ನಡೆಯುವ ಪರೀಕ್ಷೆಯಲ್ಲಿ 40 ಗಜವನ್ನು 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ ಹುಡುಗ. 2024ರಲ್ಲಿ 28ನೇ ಪಿಕ್ ಬಫಲೊ ಬಳಿ ಇತ್ತು. ಪ್ಲೇಆಫ್‌ನಲ್ಲಿ ಮತ್ತೆ ಮತ್ತೆ ತಮ್ಮನ್ನು ಮಣಿಸಿದ ತಂಡಕ್ಕೇ ಬಫಲೊ ಆ ಪಿಕ್ ಮಾರಿತು. ಮುಂದಿನ ಜನವರಿಯಲ್ಲಿ ಅದೇ ಬಫಲೊ ವಿರುದ್ಧ 32-29ರ ಗೆಲುವಿನಲ್ಲಿ ವರ್ದಿ 85 ಗಜ ಮತ್ತು ಒಂದು ಟಚ್‌ಡೌನ್ ಗಳಿಸಿದರು. ಬಫಲೊ ಅಭಿಮಾನಿಗಳ ಹೊಟ್ಟೆ ಎಷ್ಟು ಉರಿದಿರಬೇಡ.

2023ರ 55ನೇ ಪಿಕ್‌ನಲ್ಲಿ ಬಂದ ರಶೀ ರೈಸ್ ಮೊದಲ ವರ್ಷವೇ 79 ಕ್ಯಾಚ್, 938 ಗಜ ಗಳಿಸಿದ್ದರು. ಅಂದರೆ 2024ರ ಹೊತ್ತಿಗೆ ಫ್ರಂಟ್ ಆಫೀಸ್ ತನ್ನ ತಪ್ಪು ತಿದ್ದಿಕೊಳ್ಳುತ್ತಿತ್ತು. ರೈಸ್, ವರ್ದಿ, ಜೊತೆಗೆ 7 ಮಿಲಿಯನ್‌ಗೆ ಒಂದು ವರ್ಷಕ್ಕೆ ತಂದ ಹಾಲಿವುಡ್ ಬ್ರೌನ್. ಕಾಗದದ ಮೇಲೆ ಒಳ್ಳೇ ಮೂವರು. ಬ್ರೌನ್ ಅಭ್ಯಾಸ ಪಂದ್ಯದಲ್ಲೇ ಭುಜದ ಹತ್ತಿರ ಗಾಯ ಮಾಡಿಕೊಂಡರು. ನಾಲ್ಕನೇ ವಾರ ಮಹೋಮ್ಸ್ ಅವರೇ ಡಿಕ್ಕಿ ಹೊಡೆದು ರೈಸ್ ಸೀಸನ್ ಮುಗಿಯಿತು. ಅಕ್ಟೋಬರ್‌ನಲ್ಲಿ ಡಿಆಂಡ್ರೆ ಹಾಪ್‌ಕಿನ್ಸ್ ಅವರನ್ನು ಟೆನೆಸಿಯಿಂದ ತಂದು ತೇಪೆ ಹಾಕಿದರು. ಅಷ್ಟರಲ್ಲೂ 15 ಗೆಲುವು, 2 ಸೋಲು.

ಇನ್ನು 2025. ರೈಸ್ ಡಲ್ಲಾಸ್‌ನಲ್ಲಿ 2024ರ ಮಾರ್ಚ್‌ನಲ್ಲಿ ಮಾಡಿದ ಹೆದ್ದಾರಿ ಅಪಘಾತದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡರು, ಲೀಗ್ ಆರು ಪಂದ್ಯ ಹೊರಗಿಟ್ಟಿತು. ವರ್ದಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದ ಮೊದಲ ಪಂದ್ಯದ ಮೊದಲ ನಿಮಿಷಗಳಲ್ಲೇ ಕೆಲ್ಸಿಗೆ ಡಿಕ್ಕಿ ಹೊಡೆದು ಭುಜ ಕೆಡಿಸಿಕೊಂಡರು. ಎರಡು ವರ್ಷದಲ್ಲಿ ಎರಡು ಸಲ ಸ್ವಂತ ತಂಡದವರೇ ಗುದ್ದಿಕೊಂಡದ್ದು! ಇದಕ್ಕೆ ಯಾವ ಜನರಲ್ ಮ್ಯಾನೇಜರ್ ಏನು ಮಾಡಲು ಸಾಧ್ಯ? ಆದರೆ ರೈಸ್ ವಿಷಯ ಹಾಗಲ್ಲ. ಶಿಕ್ಷೆ ಬರುತ್ತದೆ ಎಂದು ಒಂದೂವರೆ ವರ್ಷದಿಂದ ಗೊತ್ತಿತ್ತು. ಅದಕ್ಕೆ ಪರ್ಯಾಯ ಇಟ್ಟುಕೊಳ್ಳದೇ ಇದ್ದದ್ದು ಫ್ರಂಟ್ ಆಫೀಸ್ ತಪ್ಪೇ.

ಆದರೂ 2025ರ ಕುಸಿತಕ್ಕೆ ನನಗೆ ಕಾಣುವ ದೊಡ್ಡ ಕಾರಣ ಬೇರೆ. ಹಿಲ್ ಟ್ರೇಡ್‌ಗೆ ಒಂದು ಎಕ್ಸ್‌ಪೈರಿ ಡೇಟ್ ಇತ್ತು. ಅಗ್ಗದ ಸಂಬಳ ನಾಲ್ಕೇ ವರ್ಷ ಎಂದೆನಲ್ಲ? 2022ರಲ್ಲಿ ಬಂದ ಹುಡುಗರ ನಾಲ್ಕನೇ ವರ್ಷ 2025. ಕಾರ್ಲಾಫ್ಟಿಸ್‌ಗೆ ಆ ಬೇಸಿಗೆಯಲ್ಲೇ 4 ವರ್ಷಕ್ಕೆ 93 ಮಿಲಿಯನ್ ಕೊಡಬೇಕಾಯಿತು. ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ಕೊಡುವ ಲೈನ್‌ನ ಟ್ರೇ ಸ್ಮಿತ್ 2021ರ ಆರನೇ ಸುತ್ತಿನಲ್ಲಿ 226ನೇ ಪಿಕ್‌ಗೆ ಸಿಕ್ಕವರು. ಅವರಿಗೆ 4 ವರ್ಷಕ್ಕೆ 94 ಮಿಲಿಯನ್. ಅದಕ್ಕೂ ಮುಂಚೆ ಡಿಫೆನ್ಸ್‌ನ ಕ್ರಿಸ್ ಜೋನ್ಸ್‌ಗೆ 5 ವರ್ಷಕ್ಕೆ 158.75 ಮಿಲಿಯನ್. ಅಗ್ಗದವರು ದುಬಾರಿಯಾದಾಗ ಅವರ ಜಾಗಕ್ಕೆ ಹೊಸ ಅಗ್ಗದವರು ಬರುತ್ತಿರಬೇಕು. ಗದ್ದೆ ಕೊಯ್ಲಾಗುವ ಮೊದಲೇ ಮುಂದಿನ ಬೆಳೆಗೆ ಸಸಿಮಡಿ ಹಾಕುವ ಹಾಗೆ. 2023ರ ಮೊದಲ ಸುತ್ತಿನ ಪಿಕ್ ಫೀಲಿಕ್ಸ್ ಅನುಡಿಕೆ-ಉಝೋಮಾ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಕೆಲಸಕ್ಕೆ ಬಂದವರು, ಆ ಕೆಲಸ ಆಗಲಿಲ್ಲ. ವೀಚ್ ಅವರನ್ನು ಪ್ರಶ್ನೆ ಕೇಳಬೇಕು ಅನಿಸಿದರೆ ಆ 31ನೇ ಪಿಕ್ ಬಗ್ಗೆ ಕೇಳಿ.

ಹಿಲ್‌ನ ಉಳಿಸಿಕೊಂಡಿದ್ದರೆ 2025 ಬೇರೆ ಥರ ಇರುತ್ತಿತ್ತಾ? ಆ ಸೆಪ್ಟೆಂಬರ್ 29ರಂದು ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಹಿಲ್ ಅವರ ಮೊಣಕಾಲಿನ ಕೀಲು ತಪ್ಪಿ, ಲಿಗಮೆಂಟ್‌ಗಳು ಹರಿದವು. ಸೀಸನ್ ಮುಗಿಯಿತು. ವಯಸ್ಸು 31. ಪಾಪ, ಅಂಥ ಓಟಗಾರನಿಗೆ ಹಾಗಾಗಬಾರದಿತ್ತು. ಗಾಯವನ್ನು ಯಾರೂ ಮುಂಚೆಯೇ ಹೇಳೋಕೆ ಆಗಲ್ಲ, ಹಾಗಾಗಿ ಇದನ್ನು ವೀಚ್ ಜಾಣತನಕ್ಕೆ ಸಾಕ್ಷಿಯಾಗಿ ತರುವುದಿಲ್ಲ.

ಒಂದು ತಮಾಷೆ ಮಾತ್ರ ಹೇಳದೆ ಇರೋಕೆ ಆಗ್ತಿಲ್ಲ. ಹಿಲ್ ಟ್ರೇಡ್‌ನಲ್ಲಿ ಬಂದ 50ನೇ ಪಿಕ್ಕನ್ನು ಪೇಟ್ರಿಯಟ್ಸ್‌ಗೆ ಕೊಟ್ಟರು ಎಂದೆನಲ್ಲ. ಅದರಲ್ಲಿ ಪೇಟ್ರಿಯಟ್ಸ್ ಆರಿಸಿದ್ದು ಟೈಕ್ವಾನ್ ಥಾರ್ನ್‌ಟನ್ ಎಂಬ ವೇಗದ ರಿಸೀವರ್. ಅಲ್ಲಿ ಅವರ ಆಟ ಹತ್ತಲಿಲ್ಲ, 2024ರ ನವೆಂಬರ್‌ನಲ್ಲಿ ತಂಡದಿಂದ ಬಿಟ್ಟರು. ಕೆಲವೇ ದಿನದಲ್ಲಿ ಚೀಫ್ಸ್ ಅವರನ್ನು ಅಭ್ಯಾಸ ತಂಡಕ್ಕೆ ಸೇರಿಸಿಕೊಂಡರು, ಒಂದು ಪಿಕ್ಕೂ ಕೊಡದೆ. 2025ರಲ್ಲಿ ರೈಸ್ ಇಲ್ಲದೆ, ವರ್ದಿ ಇಲ್ಲದೆ ಮಹೋಮ್ಸ್ ಉದ್ದದ ಚೆಂಡು ಎಸೆದಾಗ, ಎದುರಾಳಿಗಳ ಹಿಂದೆ ಓಡುತ್ತಿದ್ದದ್ದು ಆ ಥಾರ್ನ್‌ಟನ್.